ಒಂದು ನಕ್ಷತ್ರ ಹೆಚ್ಚು

ನಾಡೀನ್ ಬಾಗಿಲನ್ನು ಒದ್ದೇ ಒಳನುಗ್ಗಿದಳು. "ಡ್ಯಾರಿಲ್, ನಿಲ್ಸಿ! ಏನನ್ನ ಅಳಿಸ್ತಾ ಇದೀರೋ ಅದನ್ನ ಈಗ್ಲೇ ನಿಲ್ಸಿ!"

ನೆಲಮಾಳಿಗೆಯ ಯಂತ್ರಕೋಣೆಯಲ್ಲಿ ಡ್ಯಾರಿಲ್ ಕಿವೆಲಾ ಪರದೆಯ ಮುಂದೆ ಕೂತು ಗುಲಾಬಿ ಕ್ರೀಮಿನ ಬನ್ನು ತಿನ್ನುತ್ತಿದ್ದ. ಥಂಡರ್ ಬೇ ಊರಿನ ಆ ಸಂಶೋಧನಾ ಕೇಂದ್ರದ ದೊಡ್ಡ ಲಿನಕ್ಸ್ ಯಂತ್ರಕ್ಕೆ ಅವನೇ ಯಜಮಾನ. ಯಾರಿಗೆ ಯಾವ ತಂತ್ರಾಂಶ ಬೇಕಾದರೂ ಅವನೇ ಹಾಕಿಕೊಡಬೇಕು. ಕೇಳಿದವರಿಗೆಲ್ಲ ಅವನ ಉತ್ತರ ಒಂದೇ: "ಸಾರಿ." ಆ ಊರಿನಲ್ಲಿ ಕಾಲು ತುಳಿಸಿಕೊಂಡವರೂ ಸಾರಿ ಅನ್ನುತ್ತಾರೆ, ಡ್ಯಾರಿಲ್ ಮಾತ್ರ ತುಳಿಯುವ ಮುಂಚೆಯೇ ಅಂದುಬಿಡುತ್ತಿದ್ದ.

ಸರೋವರದ ಮಂಜುಗಡ್ಡೆಯ ಮೇಲೆ ಸಂಶೋಧನೆ ಮಾಡುತ್ತಿದ್ದ ನಾಡೀನ್ ಲೆಬ್ಲಾಂ ಕಾದು ಕಾದು ರೋಸಿಹೋಗಿ ತಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದಳು. ಯಾರ ಅಪ್ಪಣೆಯೂ ಬೇಡ. ಬೇಕಾದ ತಂತ್ರಾಂಶ ಬಂದು ಅವರವರ ಫೋಲ್ಡರಿನಲ್ಲೇ ಕೂರುತ್ತಿತ್ತು, ಯಂತ್ರದ ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಅದಕ್ಕೆ ಅವಳಿಟ್ಟ ಹೆಸರೂ 'ಸಾರಿ'. ಎಲ್ಲರೂ ಅದನ್ನೇ ಬಳಸತೊಡಗಿದರು. ಡ್ಯಾರಿಲ್‌ನ ಬಾಗಿಲು ತಟ್ಟುವವರೇ ಇಲ್ಲವಾದರು. ಆ ಹೆಸರು ಅವನ ಕಿವಿಗೆ ಬಿದ್ದದ್ದು ಅಂದು ಬೆಳಿಗ್ಗೆ.

"ನಿನ್ನ ಆಟಿಕೆನ ಗುಡಿಸಿ ಹಾಕ್ತಾ ಇದೀನಿ ಅಷ್ಟೆ," ಎಂದ ಅವನು, ತಿರುಗಿಯೂ ನೋಡದೆ. "ಸಾರಿ."

"ಆ ಫೋಲ್ಡರಿನೊಳಗೆ ನಮ್ಮ ಮಾಹಿತಿ ಉಗ್ರಾಣಕ್ಕೆ ಕೊಂಡಿ ಇದೆ! ಅಳತೆಗಳೆಲ್ಲಾ ಹೋಗ್ತಾ ಇವೆ, ಮೇಲಿನ ನನ್ನ ಕೋಣೇಲಿ ಕಣ್ಣೆದುರಿಗೇ ಹೋಗ್ತಾ ಇವೆ!"

ಅವಳು ಪರದೆಯತ್ತ ಬಾಗಿದಳು. ಅಳಿಸುವ ಆಜ್ಞೆ, ಅವಳ ಫೋಲ್ಡರಿನ ಹೆಸರು, ಓರೆಗೆರೆ, ನಕ್ಷತ್ರ, ಓರೆಗೆರೆ, ಮತ್ತೊಂದು ನಕ್ಷತ್ರ. ನಕ್ಷತ್ರ ಅಂದರೆ 'ಒಳಗಿರುವುದೆಲ್ಲ'. ಒಂದೇ ನಕ್ಷತ್ರ ಹಾಕಿದ್ದರೆ ಕೊಂಡಿ ಮಾತ್ರ ಹೋಗುತ್ತಿತ್ತು. ಎರಡನೆಯದು ಕೊಂಡಿ ಹಿಡಿದು ಆಚೆ ಉಗ್ರಾಣಕ್ಕೇ ದಾಟಿತ್ತು. ಉಗ್ರಾಣದಲ್ಲಿ ಬೇರೆ ಯಾರು ಅಳಿಸಹೋದರೂ ಯಂತ್ರ ಆಗದು ಅನ್ನುತ್ತಿತ್ತು. ಯಜಮಾನನಿಗೆ ಅದು ಯಾವತ್ತೂ ಎದುರಾಡಿದ್ದಿಲ್ಲ. ಇಡೀ ಚಳಿಗಾಲದ ಮಂಜಿನ ಅಳತೆ ಅಲ್ಲಿತ್ತು. ಮಂಜು ಕರಗಿಹೋಗಿತ್ತು, ಮತ್ತೆ ಅಳೆಯುವಂತಿರಲಿಲ್ಲ. ಇನ್ನೊಂದು ಪ್ರತಿ ಇಡಲು ಡಿಸ್ಕು ಕೇಳಿದಾಗಲೂ ಅವನು ಸಾರಿ ಎಂದಿದ್ದ.

ಅವಳು ಕೀಬೋರ್ಡಿಗೆ ಕೈ ಹಾಕಿದಳು. ಅವನು ಅದನ್ನು ತಂತಿ ಸಮೇತ ಕಿತ್ತು ಗೋಡೆಗೆ ಅಪ್ಪಳಿಸಿದ. ಕೀಲಿಗಳು ನೆಲದ ತುಂಬ ಚದುರಿದವು.

"ನಾಟಕ ಆಡ್ಬೇಡ! ನನ್ನ ಯಂತ್ರದಲ್ಲಿ ನನ್ನನ್ನೇ ಗೇಲಿ ಮಾಡ್ತೀಯಾ?"

"ಅಯ್ಯೋ ಪೆದ್ದ, ಅದನ್ನ ನಿಲ್ಸೋಕೆ ಇದ್ದ ಕೀಲಿನೂ ಮುರಿದ್ಯಲ್ಲೋ!"

ಅವಳು ಯಂತ್ರದ ಹಿಂದಿನ ವಿದ್ಯುತ್ ತಂತಿಯತ್ತ ಜಿಗಿದಳು. ಅವನು ಕೂದಲು ಹಿಡಿದೆಳೆದು ಕಬ್ಬಿಣದ ಚೌಕಟ್ಟಿಗೆ ನೂಕಿದ. ಅವಳ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಅವಳು ಅವನ ಮಣಿಕಟ್ಟನ್ನು ಮೂಳೆ ಸಿಗುವವರೆಗೆ ಕಚ್ಚಿದಳು. ಅವನ ಮುಷ್ಟಿ ಅವಳ ದವಡೆಗೆ ಬಿತ್ತು, ಒಂದು ಹಲ್ಲು ಅಲುಗಿತು. ಅವಳು ಮೊಣಕೈಯಿಂದ ಅವನ ಮೂಗಿಗೆ ಗುದ್ದಿ, ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಪರದೆಗೆ ಒತ್ತಿದಳು.

"ಓದು! ಅಲ್ಲಿ ಹೋಗ್ತಾ ಇರೋದು ಏನು ಅಂತ ಓದೋ!"

ಒಡೆದ ಮೂಗು ಗಾಜಿಗೆ ತಾಗಿದ್ದಂತೆಯೇ ಅವನು ಓದಿದ. ಹೆಸರುಗಳು ಸಾಲುಸಾಲಾಗಿ ಮೇಲೆ ಸರಿಯುತ್ತಿದ್ದವು: ಮಂಜು-ಜನವರಿ, ಮಂಜು-ಜನವರಿ, ಮಂಜು-ಫೆಬ್ರವರಿ. ಅವನು ಕೊಸರಾಡುವುದನ್ನು ಬಿಟ್ಟ. ಅವಳು ಅವನನ್ನು ಬಿಟ್ಟು, ಮಂಡಿಯೂರಿ, ತಂತಿಯನ್ನು ಕಿತ್ತಳು.

ಫ್ಯಾನುಗಳು ನಿಧಾನವಾಗಿ ನಿಂತವು. ಡ್ಯಾರಿಲ್ ಕೆಲಸಕ್ಕೆ ಸೇರಿದಾಗಿನಿಂದ ಆ ಕೋಣೆ ಇಷ್ಟು ಮೌನವಾಗಿದ್ದೇ ಇಲ್ಲ. ಅವನಿಗೆ ಹೆದರಿಕೆಯಾಯಿತು.

"ಎಷ್ಟು ಉಳಿದಿದೆಯೋ," ಎಂದಳು ಅವಳು. ಬಾಯಿ ಊದಿ ಮಾತು ತೊದಲುತ್ತಿತ್ತು.

ಯಂತ್ರವನ್ನು ಮತ್ತೆ ಹಚ್ಚಿದರೆ ತಿಳಿಯುತ್ತದೆ. ತಪ್ಪಾಗಿ ಹಚ್ಚಿದರೆ ಉಳಿದದ್ದೂ ಹೋಗುತ್ತದೆ. ಇಬ್ಬರಿಗೂ ಅದು ಗೊತ್ತಿತ್ತು. ಅವನು ತೆವಳಿಕೊಂಡು ಹತ್ತಿರ ಬಂದು, ರಕ್ತ ಮೆತ್ತಿದ ಕೈ ಚಾಚಿ, ತಂತಿಗೆ ತಾಗುವ ಮುಂಚೆ ತಡೆದು ನಿಂತ.

"ಮುಟ್ಲಾ?" ಎಂದು ಕೇಳಿದ.

ಅವಳು ತಂತಿಯನ್ನು ಎದೆಗೊತ್ತಿಕೊಂಡೇ ಕೂತಿದ್ದಳು. ಚಾಚಿದ ಕೈ ಹಾಗೇ ಕಾಯುತ್ತಿತ್ತು.