ಹೆಬ್ಬೆರಳ ಗಂಟು

"ಥೂ, ಹಾಗಲ್ಲ ಕಣಯ್ಯಾ! ಮಣಿಕಟ್ಟು ಕಟ್ಟಿದ್ರೆ ಕಲ್ಲಿಗೆ ಉಜ್ಜಿ ಬಿಚ್ಕೋತಾನೆ. ತಾ ಇಲ್ಲಿ," ಎಂದು ಮುದುಕ ಬೊನಿಫಸ್ ನಟನ ಕೈಯಿಂದ ಬಳ್ಳಿ ಕಿತ್ತುಕೊಂಡ.

ಬೂಗನ್‌ವಿಲ್ ದ್ವೀಪದ ಅಂತರ್ಯುದ್ಧದ ಮೇಲೆ ಸಿನಿಮಾ ತೆಗೆಯಲು ಬಂದವರು ಕೋಕೋ ತೋಪಿನಲ್ಲಿ ಕ್ಯಾಮೆರಾ ನಿಲ್ಲಿಸಿದ್ದರು. ಊರಿನವರೇ ಸೈನಿಕರು, ಊರಿನವರೇ ಹೆಣಗಳು. ಅಡುಗೆಗೆ ಬಂದಿದ್ದ ಬೊನಿಫಸ್‌ನ ತಂಗಿ ಪೆರ್ಪೆತುವಾ ಗೆಣಸಿನ ಬುಟ್ಟಿ ಹಿಡಿದು ನೋಡುತ್ತಿದ್ದಳು.

ಬೊನಿಫಸ್ ಸೆರೆಯಾಳಿನ ಪಾತ್ರದ ಇನ್ನೊಬ್ಬ ನಟನ ಕೈಗಳನ್ನು ಬೆನ್ನ ಹಿಂದೆ ಎಳೆದು, ಹೆಬ್ಬೆರಳುಗಳನ್ನಷ್ಟೇ ಜೋಡಿಸಿ, ಬಳ್ಳಿ ಸುತ್ತಿ, ತುದಿಯನ್ನು ನಡುವೆ ತೂರಿಸಿ ಜಗ್ಗಿದ.

"ಅಯ್ಯಯ್ಯೋ ಅಜ್ಜಾ, ಬೆರಳು ಹೋಯ್ತು!"

ಎಲ್ಲರೂ ನಕ್ಕರು. "ಹಂದಿಗಿಂತ ಮನುಷ್ಯನ್ನ ಕಟ್ಟೋದು ಸುಲಭ ಕಣೋ. ಒದೆಯೋದಿಲ್ಲ, ಅಳ್ತಾನೆ ಅಷ್ಟೆ," ಎಂದು ಬೊನಿಫಸ್ ಅಡಿಕೆಯ ಕೆಂಪು ರಸ ಪಿಚಕ್ಕನೆ ಉಗಿದ.

ಪೆರ್ಪೆತುವಾ ಬುಟ್ಟಿ ಕೆಳಗಿಟ್ಟು ಆ ಗಂಟನ್ನೇ ನೋಡಿದಳು. ಯುದ್ಧದಲ್ಲಿ ಮಗ ಲಿನಸ್‌ನ ಹೆಣ ಹೊಳೆದಂಡೆಯಲ್ಲಿ ಸಿಕ್ಕಾಗ ತೊಳೆದವಳು ಅವಳೊಬ್ಬಳೇ. ಊದಿಕೊಂಡ ಹೆಬ್ಬೆರಳುಗಳ ಮಾಂಸದಲ್ಲಿ ಹೂತುಹೋಗಿದ್ದ ಇದೇ ಗಂಟನ್ನು ಕೊಯ್ದು ಒಲೆಗೆ ಹಾಕಿದ್ದಳು. ಮಗನನ್ನು ಪ್ರಾಣಿಯಂತೆ ಕಟ್ಟಿದ್ದರಲ್ಲ ಎಂಬ ನಾಚಿಕೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅಣ್ಣನ ಮುಂದೆಯೂ.

ಆ ದ್ವೀಪದಲ್ಲಿ ಮಕ್ಕಳನ್ನು ಕಾಯುವವನು ಅಪ್ಪನಿಗಿಂತ ಹೆಚ್ಚಾಗಿ ಸೋದರಮಾವ. ಆ ಸೋದರಮಾವನೇ ಅಂದು ಅಂಗಳದಲ್ಲಿ ಎದೆ ಬಡಿದುಕೊಂಡು, "ಹೊಳೆಯಾಚೆಯ ಸಿಲ್ವೆಸ್ಟರ್ ಕೊಂದುಬಿಟ್ಟ ಕಣೇ" ಎಂದಿದ್ದ. ಅವಳು ನಂಬಿದ್ದಳು. ಸಿಲ್ವೆಸ್ಟರ್ ಸತ್ತಾಗ ಅಳುವುದಕ್ಕೂ ಹೋಗಿರಲಿಲ್ಲ. ದಾರಿಯಲ್ಲಿ ಅವನ ಹೆಂಡತಿ ಅಪೊಲೋನಿಯಾ ಎದುರಾದರೆ ನೆಲಕ್ಕೆ ಉಗಿದು ಮುಂದೆ ಹೋಗುತ್ತಿದ್ದಳು.

ಮಧ್ಯಾಹ್ನ ಬಾಳೆ ಎಲೆಯ ಮೇಲೆ ಹಂದಿ ಮಾಂಸ ಬಡಿಸಿದರು. ಬೊನಿಫಸ್ ಮೊಣಕೈವರೆಗೆ ಕೊಬ್ಬು ಸೋರಿಸಿಕೊಂಡು ತಿನ್ನುತ್ತಿದ್ದ. ಒಂದು ತುಂಡು ಆರಿಸಿ ಚಾಚಿದ. "ತಗೋ ತಂಗಿ, ಮೆತ್ತಗಿದೆ. ನಿನ್ನ ಬೊಚ್ಚುಬಾಯಿಗೆ ಸರಿ."

ಅವಳು ಕೈ ಚಾಚಲಿಲ್ಲ. ಅವನ ಹಲ್ಲಿನ ಕೆಂಪಿನ ನಡುವೆ ಸಿಕ್ಕಿಕೊಂಡ ಬಿಳಿ ಕೊಬ್ಬನ್ನೇ ನೋಡಿದಳು.

"ಲಿನಸ್ ಅತ್ತನಾ, ಅಣ್ಣಾ?"

ಅವನ ದವಡೆ ನಿಂತಿತು. ಸುತ್ತ ಯಾರಾದರೂ ಕೇಳಿಸಿಕೊಂಡರೋ ಎಂದು ನೋಡಿದ. ಆಮೇಲೆ ತುತ್ತನ್ನು ನುಂಗಿಯೇ ಬಿಟ್ಟ.

"ಅದು ಯುದ್ಧ ಕಣೇ. ನಾನು ಕಟ್ಟದಿದ್ರೆ ನನ್ನನ್ನೇ ಕಟ್ತಿದ್ರು. ಆರುತ್ತೆ, ತಿನ್ನು."

ಅವಳು ಎದ್ದು ತೋಪಿನ ಅಂಚಿಗೆ ಹೋಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದಳು. ಅಂಗಿಯ ತೋಳಿಗೆ ಬಾಯಿ ಒರೆಸಿಕೊಂಡು, ಎಲ್ಲರೂ ನೋಡುತ್ತಿರುವಂತೆಯೇ, ಸಿನಿಮಾ ಕೆಲಸಕ್ಕೆ ಬಂದು ದೂರದಲ್ಲಿ ಒಬ್ಬಳೇ ಊಟಕ್ಕೆ ಕೂತಿದ್ದ ಅಪೊಲೋನಿಯಾಳ ಮುಂದೆ ಹೋಗಿ ನಿಂತಳು.

ಅಪೊಲೋನಿಯಾ ಉಗುಳಿಗೆ ಕಾದವಳಂತೆ ಮುಖ ತಗ್ಗಿಸಿದಳು. ಎಷ್ಟು ಹೊತ್ತಾದರೂ ಅದು ಬೀಳದಿದ್ದಾಗ ತಲೆಯೆತ್ತಿ ನೋಡಿ, ಎಲೆಯ ಮೇಲಿನ ನೊಣ ಓಡಿಸಿ, ಅವಳಿಗೆ ಜಾಗ ಬಿಟ್ಟು ಚಾಪೆಯ ತುದಿಗೆ ಸರಿದಳು.