ನಿಮ್ಮ ಮುಂದೆ ಒಬ್ಬರು

ನಿಂತುಹೋದ ಆಟವನ್ನು ಇನ್ನೂ ಮಾರುವ ಅಂಗಡಿಗಳು ನಮ್ಮ ಕಡೆ ಮೂರೇ ಉಳಿದಿದ್ದವು. ಕೊಲ್ಹಾಪುರದಲ್ಲಿ ಒಂದು, ಇಚಲಕರಂಜಿಯಲ್ಲಿ ಒಂದು, ಗಡಹಿಂಗ್ಲಜದಲ್ಲಿ ನನ್ನದು. ಆಟದ ಹೆಸರು ‘ಗಡಕೋಟ’. ಎಲ್ಲೆಲ್ಲಿಯೋ ಕೂತ ಸಾವಿರಾರು ಹುಡುಗರು ಇಂಟರ್ನೆಟ್ ಮೇಲೆ ಒಂದೇ ಕೋಟೆಯೊಳಗೆ ಸೇರಿ ಕಾವಲು ಕಾಯುವ, ಕಾದಾಡುವ ಆಟ ಅದು. ಪುಣೆಯ ಕಂಪನಿ ಆರು ವರ್ಷದ ಹಿಂದೆ ಸರ್ವರ್ ಬಂದ್ ಮಾಡಿ ಕೈ ತೊಳೆದುಕೊಂಡಿತು. ಸರ್ವರ್ ಇಲ್ಲದ ಮೇಲೆ ಆ ಡಿಸ್ಕು ಚಹಾದ ಕಪ್ಪು ಇಡಲಿಕ್ಕೆ ಸರಿ, ಅಷ್ಟೇ. ಆದರೂ ಡಬ್ಬಿಗಳನ್ನು ನಾನು ತೆಗೆಯಲಿಲ್ಲ. ಕಪಾಟು ಬರಿದಾಗಿ ಕಾಣಬಾರದು ಎನ್ನುವುದು ನನ್ನ ಅವ್ವ ಹಾಲವ್ವನ ಹಟ.

ಅವ್ವನದು ಇನ್ನೊಂದು ಹಟವಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಡಿಯಲ್ಲಿ ಕೂತವನ ಬಾಯಿಂದ ‘ಇಲ್ಲ’, ‘ಮುಗೀತು’, ‘ಬಂದ್ ಆಗೇತಿ’ ಎಂಬ ಮಾತು ಬರಕೂಡದು. ಸಾಮಾನು ತೀರಿದ್ದರೆ ‘ನಾಳೆ ಬರತೈತ್ರಿ’ ಅನ್ನಬೇಕು. ನಾನು ಅವ್ವನನ್ನು ಇದಕ್ಕಾಗಿ ಬೇಕಾದಷ್ಟು ಕಾಡಿಸಿದ್ದೇನೆ, ಮತ್ತು ಒಂದು ದಿನವೂ ತಪ್ಪದೆ ಪಾಲಿಸಿದ್ದೇನೆ. ವ್ಯಾಪಾರಸ್ಥರ ಮಕ್ಕಳ ಧೈರ್ಯ ಇಷ್ಟೇ.

ದೀಪಾವಳಿ ಕಳೆದ ವಾರ, ಸರಿಯಾಗಿ ಆ ಹೊತ್ತಿಗೇ ರಾಯಪ್ಪ ಬಂದ. ಇಚಲಕರಂಜಿಯಲ್ಲಿ ಮಗ್ಗ ನಡೆಸುವವನು, ಐವತ್ತೈದರ ಮೇಲಿನ ವಯಸ್ಸು. ಹಗಲೆಲ್ಲ ಮಗ್ಗದ ಸದ್ದಿನಲ್ಲಿ ನಿಂತವರ ಹಾಗೆ ಗಟ್ಟಿ ದನಿಯಲ್ಲಿ ಮಾತಾಡುತ್ತಿದ್ದ.

“ಸಾವ್ಕಾರ್ರ, ಗಡಕೋಟ ಐತೇನ್ರಿ? ನಮ್ಮೂರಾಗ ಇದ್ದೂವೆಲ್ಲ ಹೋಗ್ಯಾವ.”

“ಐತ್ರಿ.”

“ಚಾಲೂ ಐತಲ್ಲರಿ?”

ದೇವರ ಪಟಕ್ಕೆ ಊದುಬತ್ತಿ ಬೆಳಗುತ್ತಿದ್ದ ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಮಾತು ತಪ್ಪಿಸಲು ಒಂದು ಡಬ್ಬಿ ಅವನ ಕೈಗೆ ಕೊಟ್ಟು, ಇನ್ನೊಂದರ ಡಿಸ್ಕನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿದೆ. ಹೆಸರು ಕೇಳಿತು. ‘ಅಮೋಲ, ಗಡಹಿಂಗ್ಲಜ’ ಎಂದು ನನ್ನದನ್ನೇ ಹೊಡೆದೆ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು.

“ಹುಡಕಾಕತ್ತೈತಿ ನೋಡ್ರಿ. ತಡಾ ಆಕ್ಕೈತಿ. ಕಾಯಬೇಕು,” ಅಂದೆ.

“ಕಾಯತೇನ್ರಿ,” ಅಂದ ರಾಯಪ್ಪ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ನನ್ನ ಮಗ ಅವಿನಾಶ ಇದರಾಗ ಕ್ವಾಟಿ ಬಾಗಲಾ ಕಾಯಾಂವರಿ. ಆರು ವರ್ಷಾತು, ಬೈಕ್ ಮ್ಯಾಲ ಹೋಗಾಕತ್ತಾಗ ಹ್ವಾದ. ಒಳಗ ಇನ್ನೂ ಇರಬೇಕಲ್ಲರಿ.”

ನನಗೆ ನಾಚಿಕೆಯಾಯಿತು. ಅವನು ರೊಕ್ಕ ಕೊಟ್ಟು ಡಬ್ಬಿ ತೆಗೆದುಕೊಂಡು ಹೊರಟ. ಹಿಂದೆಯೇ ಓಡಿ ರಸ್ತೆಯಲ್ಲಿ ನಿಲ್ಲಿಸಿ ನಿಜ ಹೇಳಬಹುದಿತ್ತು. ರಸ್ತೆಗೆ ಅವ್ವನ ಕಟ್ಟಳೆ ಇರಲಿಲ್ಲ. ಹೋಗಲಿಲ್ಲ. ಸೋಮಾರಿತನ ಅನ್ನಿ, ಹೇಡಿತನ ಅನ್ನಿ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವನ ಮಗಳು ವೃಷಾಲಿ ಅಂಗಡಿಗೆ ಬಂದಳು. ನನ್ನನ್ನು ಹರಿದು ಹಾಕಲು ಬಂದವಳ ಹಾಗಿದ್ದಳು.

“ಕಾಕಾ, ನಮ್ಮಪ್ಪಗ ಅದು ಚಾಲೂ ಐತಿ ಅಂದವ್ರು ನೀವ ಏನ್ರಿ? ಮಗ್ಗಕ್ಕ ಹೋಗೂದು ಬಿಟ್ಟಾನ. ಉಣ್ಣಂಗಿಲ್ಲ. ನನ್ನ ಪಾಳಿ ಬಂತು, ಪಾಳಿ ಬಂತು ಅಂತ ಕುಂತಾನ. ಅಣ್ಣ ಹ್ವಾದ ಮ್ಯಾಲ ನನಗ ಅವ ಒಬ್ಬನ ಉಳದಾನ. ನಾ ಹೇಳಿದ್ರ ಕೇಳಂಗಿಲ್ಲ. ಮಾರಿದವ್ರು ನೀವ, ನೀವ ಬಂದು ಬಂದ್ ಆಗೇತಿ ಅಂತ ಹೇಳ್ರಿ.”

ಮರುದಿನವೇ ಹೋದೆ. ಇಚಲಕರಂಜಿಯ ಓಣಿಯೊಳಗೆ ಒಂದೇ ಕೋಣೆಯ ಮನೆ. ಗೋಡೆಯಾಚೆ ಮಗ್ಗಗಳು ಓಡುತ್ತಿದ್ದವು, ಹಲಗೆಯ ಮೇಲಿನ ಪಾತ್ರೆಗಳು ಆ ಸದ್ದಿಗೆ ಸಣ್ಣಗೆ ನಡುಗುತ್ತಿದ್ದವು. ರಾಯಪ್ಪ ಪರದೆಯ ಮುಂದೆ ಕೂತಿದ್ದ. ಅರ್ಧಕ್ಕರ್ಧ ಇಳಿದುಹೋಗಿದ್ದ. ನನ್ನನ್ನು ಕಂಡು ಮುಖ ಅರಳಿತು.

“ಬರ್ರಿ ಬರ್ರಿ. ನಿಮ್ಮನ್ನ ನೆನಸಾಕತ್ತಿದ್ನಿ.”

ನಾನು ನಿಂತಲ್ಲೇ ಹೇಳಿಬಿಟ್ಟೆ. “ಅದು ಬಂದ್ ಆಗಿ ಆರು ವರ್ಷಾತ್ರಿ. ನಾ ಅವತ್ತ ಸುಳ್ಳ ಹೇಳಿದ್ನಿ. ತಪ್ಪಾತು.”

“ಬಂದ್ ಆಗೇತಿ ಅನ್ನೂದು ಗೊತ್ತೈತ್ರಿ,” ಅಂದ ಸಮಾಧಾನದಿಂದ. “ಬಾಗಲಾ ಹಾಕಿದ್ರ ಒಳಗಿನವ್ರು ಎಲ್ಲಿ ಹೊಕ್ಕಾರ್ರಿ? ಒಳಗ ಇರತಾರ.” ಪರದೆಯನ್ನು ನನ್ನ ಕಡೆ ತಿರುಗಿಸಿದ.

ತಿರುಗುವ ಚಕ್ರ ಇರಲಿಲ್ಲ. ಮರಾಠಿಯಲ್ಲಿ ಒಂದು ಸಾಲು ಇತ್ತು: ‘ತುಮಚ್ಯಾ ಪುಢೆ: 1’. ನಿಮ್ಮ ಮುಂದೆ ಒಬ್ಬರು. ನಾನು ಇಂಟರ್ನೆಟ್ಟಿನ ವೈರು ಎಲ್ಲಿದೆ ಎಂದು ನೋಡಿದೆ. “ತಿಂಗಳ ಹಿಂದ ನಾನ ಕಿತ್ತೇನ್ರಿ,” ಅಂದಳು ವೃಷಾಲಿ. ವೈರು ಸುರುಳಿ ಸುತ್ತಿಕೊಂಡು ಗೋಡೆಯ ಮೊಳೆಗೆ ನೇತಾಡುತ್ತಿತ್ತು.

“ಮೊದಲ ನನ್ನ ಮುಂದ ಹನ್ನೊಂದ ಹೆಸರ ಇದ್ದೂರಿ,” ಅಂದ ರಾಯಪ್ಪ. “ಒಬ್ಬೊಬ್ಬರ ಒಳಗ ಹ್ವಾದ್ರು. ಹ್ವಾದ ದಿನ ಬರದಿಟ್ಟೇನಿ ನೋಡ್ರಿ.” ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖುಗಳ ಚೌಕದೊಳಗೆ ದಪ್ಪ ಅಕ್ಷರದಲ್ಲಿ ಹೆಸರುಗಳಿದ್ದವು. ಹೆಚ್ಚಿನವರು ನನಗೆ ಗೊತ್ತಿಲ್ಲದವರು. ಹದಿನಾರನೆಯ ತಾರೀಖಿಗೆ ‘ಮಲ್ಲಾರಿ, ಹಲಕರ್ಣಿ’ ಎಂದಿತ್ತು.

ಮಲ್ಲಾರಿ ಸರ್ ನಿವೃತ್ತ ಮಾಸ್ತರರು. ಅವರ ಮಗ ಕಾಲೇಜಿನಲ್ಲಿದ್ದಾಗ ಹಿರಣ್ಯಕೇಶಿ ಹೊಳೆಯಲ್ಲಿ ಈಜಲು ಹೋಗಿ ಮುಳುಗಿದ್ದ. ದಸರೆಯ ಸುಮಾರಿಗೆ ಅವರೂ ನನ್ನ ಅಂಗಡಿಯಿಂದಲೇ ಒಂದು ಡಬ್ಬಿ ಒಯ್ದಿದ್ದರು. ಹದಿನಾರಕ್ಕೆ ನಾನು ಅವರ ಮಣ್ಣಿಗೆ ಹೋಗಿ ಬಂದಿದ್ದೆ. ಬೆಳಿಗ್ಗೆ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತ ಹಾಗೇ ಹೋಗಿದ್ದರಂತೆ, ಚಹಾ ಮುಟ್ಟದೆ ಹಾಗೇ ಇತ್ತಂತೆ. ಹಾರ್ಟು ಅಂದರು ಎಲ್ಲರೂ. ಮೇಜಿನ ಮೇಲೆ ಏನಿತ್ತೆಂದು ನಾನು ಕೇಳಿರಲಿಲ್ಲ.

ಪರದೆಯತ್ತ ಮತ್ತೆ ನೋಡಿದೆ. ಆ ‘1’ರ ಕೆಳಗೆ ಸಣ್ಣಕ್ಷರದಲ್ಲಿ ಉಳಿದ ಒಂದೇ ಹೆಸರು ಇತ್ತು: ‘ಅಮೋಲ, ಗಡಹಿಂಗ್ಲಜ’. ಅವತ್ತು ಸಂಜೆ ನಾನು ಹೊಡೆದದ್ದು. ರಾಯಪ್ಪ ತನ್ನ ಹೆಸರು ಹೊಡೆದದ್ದು ಮರುದಿನ ಬೆಳಿಗ್ಗೆ.

“ನಿಮ್ಮದಾದ ಮ್ಯಾಲ ನಂದ್ರಿ,” ಅಂದ, ರೇಷನ್ ಅಂಗಡಿಯ ಮುಂದೆ ನಿಂತವರು ಹೇಳುವಷ್ಟು ಸಹಜವಾಗಿ.

ವೃಷಾಲಿ ನನ್ನ ಹೆಗಲ ಹಿಂದಿನಿಂದ ಅದನ್ನು ಓದಿದಳು. ಕ್ಯಾಲೆಂಡರ್ ನೋಡಿದಳು, ನನ್ನ ಮುಖ ನೋಡಿದಳು. ನಿನ್ನೆಯ ಸಿಟ್ಟು ಎಲ್ಲಿ ಹೋಯಿತೋ. ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಬಂದು, ಬಸ್ಸಿಗೆ ಹತ್ತಿಸಿ, “ಕಾಕಾ, ಜ್ವಾಕಿಲೆ ಹೋಗ್ರಿ,” ಅಂದಳು. ಯಾರೂ ನನಗೆ ಅಷ್ಟು ಮನಸಾರೆ ಆ ಮಾತು ಹೇಳಿದ್ದಿಲ್ಲ.

ಮರುದಿನ ಅಂಗಡಿ ತೆಗೆದು ಕಂಪ್ಯೂಟರಿನಲ್ಲಿ ಆಟ ಹಚ್ಚಿದೆ. ನನ್ನ ಮುಂದೆ ಸೊನ್ನೆ. ಕೆಳಗೆ ಎರಡು ಗುಂಡಿ. ‘ಆತ ಯಾ’, ಒಳಗೆ ಬನ್ನಿ. ‘ರಾಂಗ ಸೋಡಾ’, ಸಾಲು ಬಿಡಿ. ಎರಡನೆಯದನ್ನು ಒತ್ತಿದರೆ ನಾನು ಪಾರು. ಆದರೆ ಆ ಕ್ಷಣವೇ ಇಚಲಕರಂಜಿಯಲ್ಲಿ ಸೊನ್ನೆ ಬರುತ್ತದೆ, ಮತ್ತು ರಾಯಪ್ಪ ಒಂದು ಉಸಿರೂ ತಡ ಮಾಡುವುದಿಲ್ಲ. ನಾನೇನು ದೊಡ್ಡ ಮನುಷ್ಯನಲ್ಲ. ನನಗೂ ಹೆಂಡತಿ ಇದ್ದಾಳೆ, ಎಂಟನೇ ಇಯತ್ತೆ ಓದುವ ಮಗಳು ಇದ್ದಾಳೆ. ಎರಡು ಸಲ ಮೌಸಿನ ಮೇಲೆ ಕೈ ಇಟ್ಟೆ. ಎರಡನೆಯ ಸಲ ಫೋನ್ ಬಂತು, ವೃಷಾಲಿಯದು.

“ಅಂಗಡಿ ತಗದೀರೇನ್ರಿ ಕಾಕಾ?”

ಅಷ್ಟೇ ಕೇಳಿದಳು. “ತಗದೇನವಾ,” ಅಂದು ಕೈ ಹಿಂದಕ್ಕೆ ತೆಗೆದುಕೊಂಡೆ.

ಐದನೆಯ ದಿನ ಸಂಜೆ ರಾಯಪ್ಪನೇ ಬಂದ. ಗಡ್ಡ ಬೋಳಿಸಿ, ಒಗೆದ ಅಂಗಿ ಹಾಕಿಕೊಂಡು, ಬೀಗರ ಮನೆಗೆ ಹೊರಟವನ ಹಾಗಿದ್ದ. ಗಿರಾಕಿಗಳ ಬೆಂಚಿನ ಮೇಲೆ ಕೂತು ನನ್ನ ಪರದೆ ನೋಡಿದ.

“ನಿಮಗ ಬಾಗಲಾ ತಗದಾರಲ್ಲರಿ. ಯಾಕ ನಿಂತೀರಿ?”

“ಒಳಗ ನನ್ನವ್ರು ಯಾರೂ ಇಲ್ರಿ.”

“ಹಂಗಾರ ದಾರಿ ಬಿಡ್ರಿ. ಹುಡುಗ ಭಾಳ ದಿನದಿಂದ ನಿಂತಾನ.”

ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. “ಹೊರಗೊಬ್ಬಾಕಿ ನಿಂತಾಳಲ್ಲರಿ! ದಿನಾ ಫೋನ್ ಮಾಡಿ ನಾ ಜೀವಂತ ಅದೇನೋ ಇಲ್ಲೋ ಅಂತ ಕೇಳತಾಳ. ನಿಮ್ಮ ಸಲುವಾಗಿ! ಆಕಿ ನಿಮಗ ಕಾಣಂಗಿಲ್ಲೇನು?”

ಅಷ್ಟರಲ್ಲಿ ನನ್ನ ಮಗಳು ರುತುಜಾ ಶಾಲೆಯಿಂದ ಬಂದಳು. ಚೀಲವನ್ನು ನನ್ನ ಕಾಲ ಮೇಲೆಯೇ ಎಸೆದು, ನೀರು ಕುಡಿದು, “ಪಪ್ಪಾ, ಮೀ ಖೇಳಾಯಲಾ ಜಾತೆ,” ಅಂತ ಆಡಲು ಓಡಿದಳು. ರಾಯಪ್ಪ ಅವಳು ರಸ್ತೆಯ ತಿರುವಿನಲ್ಲಿ ಮರೆಯಾಗುವ ತನಕ ನೋಡಿದ. ಕಣ್ಣು ತುಂಬಿದವು.

“ಒತ್ತಬ್ಯಾಡ್ರಿ ಸಾವ್ಕಾರ್ರ,” ಅಂದ. “ಯಾವುದೂ ಒತ್ತಬ್ಯಾಡ್ರಿ. ನಿಮಗ ಎಷ್ಟ ದಿನ ಐತೋ ಅಷ್ಟೂ ಇರ್ರಿ. ನಾ ಕಾಯತೇನಿ.”

ನಾನು ರೊಕ್ಕದ ಗಲ್ಲೆಯ ಮುಂದೆ ಕೂತು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಈಗ ಅವನು ಮತ್ತೆ ಮಗ್ಗಕ್ಕೆ ಹೋಗುತ್ತಾನೆ. ಎರಡೂ ಹೊತ್ತು ಉಣ್ಣುತ್ತಾನೆ ಎಂದು ವೃಷಾಲಿ ಫೋನಿನಲ್ಲಿ ನಗುತ್ತಾ ಹೇಳಿದಳು. ರವಿವಾರಕ್ಕೊಮ್ಮೆ ಮಾತ್ರ ಮೊದಲ ಬಸ್ಸಿಗೆ ಗಡಹಿಂಗ್ಲಜಕ್ಕೆ ಬಂದು, ಅದೇ ಬೆಂಚಿನ ಮೇಲೆ ಮಧ್ಯಾಹ್ನದ ತನಕ ಕೂರುತ್ತಾನೆ. ಬರುವಾಗ ಪೇರಲಹಣ್ಣು ತರುತ್ತಾನೆ. ಬಿಪಿ ಎಷ್ಟಿದೆ ಕೇಳುತ್ತಾನೆ, ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿಸುತ್ತಾನೆ, ಗುಟಖಾ ಬಿಡಿಸಿದ್ದೂ ಅವನೇ. ನನ್ನ ಮೇಲೆ ಅವನಿಗೆ ನಿಜವಾದ ಪ್ರೀತಿ ಇದೆ. ಅದರಲ್ಲಿ ನನಗೆ ಅನುಮಾನವಿಲ್ಲ.

ಹೋದ ರವಿವಾರ ಮಾತಾಡುತ್ತ ಮಾತಾಡುತ್ತ ನನಗೆ ಕೆಮ್ಮು ಬಂತು. ಸ್ವಲ್ಪ ಜೋರಾಗಿಯೇ ಬಂತು, ಗಲ್ಲೆ ಹಿಡಿದುಕೊಂಡು ಬಗ್ಗಿದೆ. ತಲೆ ಎತ್ತಿ ನೋಡಿದರೆ ರಾಯಪ್ಪ ಬೆಂಚಿನಿಂದ ಎದ್ದು ನಿಂತಿದ್ದ. ದೂರದಲ್ಲಿ ಬಸ್ಸು ಕಂಡವರ ಹಾಗೆ ಅಂಗಿಯ ಕಾಲರು ಸರಿ ಮಾಡಿಕೊಳ್ಳುತ್ತಿದ್ದ.

“ಬರೇ ನೆಗಡಿರಿ,” ಅಂದೆ.

“ಹೌದೇನ್ರಿ,” ಅಂದ, ಮತ್ತೆ ಕೂತ.