ಖಾಲಿ ಕೈಯಲ್ಲಿ ಹೋದ ಶಿವಗಂಗಮ್ಮ

ಗೋಣಿಬೀಡಿನ ದಿನಸಿ ಅಂಗಡಿ ಜಯದೇವಪ್ಪನವರ ಹೆಂಡತಿ ಶಿವಗಂಗಮ್ಮ ಕೊಡುವುದರಲ್ಲಿ ಎತ್ತಿದ ಕೈ. ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರಿಂದಲಾದರೂ ಏನಾದರೂ ತೆಗೆದುಕೊಳ್ಳಬೇಕಾಗಿ ಬಂದರೆ ಮಾತ್ರ ಅವರಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಪಕ್ಕದ ಮನೆಯಿಂದ ಒಂದು ಬಟ್ಟಲು ಪಾಯಸ ಬಂತೆನ್ನಿ, ತಂದವರು ಮೆಟ್ಟಿಲು ಇಳಿಯುವ ಮೊದಲೇ ಆ ಬಟ್ಟಲು ತೊಳೆದು, ಸಕ್ಕರೆಯನ್ನೋ ಕೊಬ್ಬರಿಯನ್ನೋ ತುಂಬಿ ಕೈಗಿಟ್ಟು ಕಳಿಸಬೇಕು. ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ಪದ್ಧತಿ ಎಲ್ಲರ ಮನೆಯಲ್ಲೂ ಉಂಟು, ಒಪ್ಪಿದೆ. ಆದರೆ ನಾಲ್ಕು ದಿನ ಬಿಟ್ಟು ಕೊಟ್ಟರೆ ಆಕಾಶವೇನು ಕಳಚಿ ಬೀಳುತ್ತದೆಯೇ? ಶಿವಗಂಗಮ್ಮನವರ ಪ್ರಕಾರ ಬೀಳುತ್ತದೆ.

ಅಂಗಡಿಯಿಂದ ನಾಲ್ಕು ಮನೆ ಆಚೆ ಕೊಂಕಣಿ ಕ್ರೈಸ್ತರ ಕಾರ್ಮಿನ್ ಬಾಯಿಯ ಮನೆ. ಗಂಡ ತೀರಿಕೊಂಡ ಮೇಲೆ ಎಸ್ಟೇಟಿನಲ್ಲಿ ದುಡಿದು ಮಗನನ್ನು ಸಾಕಿದ ಹೆಂಗಸು. ಈಗ ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು ಲವಿಟಾ ಜೊತೆಗಿದ್ದಾರೆ. ಪ್ರತಿ ವರ್ಷ ಕ್ರಿಸ್‌ಮಸ್ಸಿನ ಹಿಂದಿನ ದಿನ ಬಾಯಿ ಒಂದು ತಟ್ಟೆ ಕುಸ್ವಾರ್ ಹಿಡಿದು ಅಂಗಡಿಗೆ ಬರುತ್ತಿದ್ದರು. ಕುಸ್ವಾರ್ ಎಂದರೆ ಅವರ ಹಬ್ಬದ ತಿಂಡಿಗಳೆಲ್ಲ ಸೇರಿದ್ದು. ಕರ್ಜಿಕಾಯಿಯ ಖಾಸಾ ತಮ್ಮನಂಥ ನೆವ್ರಿ, ಗುಲಾಬಿ ಹೂವಿನ ಅಚ್ಚಿನಲ್ಲಿ ಕರಿದದ್ದು, ಎಳ್ಳಿನ ಉಂಡೆ. ಇದಕ್ಕೆ ಪ್ರತಿಯಾಗಿ ಶಿವಗಂಗಮ್ಮನವರ ಕಡೆಯಿಂದ ಸಂಕ್ರಾಂತಿಗೆ ಎರಡರಷ್ಟು ಎಳ್ಳುಬೆಲ್ಲ ಹೋಗುತ್ತಿತ್ತು. ಇಪ್ಪತ್ತು ವರ್ಷ ಇದು ನಡೆಯಿತು, ಚೆನ್ನಾಗಿಯೇ ನಡೆಯಿತು.

ಕೆಟ್ಟದ್ದು ಎರಡು ವರ್ಷದ ಹಿಂದೆ. ಜನವರಿ ತಿಂಗಳು, ಕಾಫಿ ಹಣ್ಣು ಕುಯ್ಯುವ ಭರಾಟೆ. ಕಣದಲ್ಲಿ ಒಣಹಾಕಿದ್ದ ಹಣ್ಣಿನ ಮೇಲೆ ಕಾಲಿಟ್ಟು ಶಿವಗಂಗಮ್ಮ ಜಾರಿಬಿದ್ದರು, ಬಲಗೈ ಮುರಿಯಿತು. ಮಗಳು ಭುವನಾ ಹಾಸನದಲ್ಲಿ ಹಸಿ ಬಾಣಂತಿ. ಕರೆಯದೆ, ಹೇಳಿಸಿಕೊಳ್ಳದೆ ಬಂದವರು ಕಾರ್ಮಿನ್ ಬಾಯಿ. ನಲವತ್ತು ದಿನ, ಬೆಳಗಾಗುತ್ತಲೇ ಬಂದು ಸ್ನಾನ ಮಾಡಿಸಿ, ತಲೆ ಬಾಚಿ, ಸೀರೆ ಉಡಿಸಿ, ವಿಭೂತಿಯ ತಟ್ಟೆಯನ್ನು ಮುಂದಿಟ್ಟು, ಲಿಂಗಪೂಜೆ ಮುಗಿಯುವವರೆಗೂ ಬಾಗಿಲ ಹೊರಗೆ ಕಾದು ಕೂತು, ಆಮೇಲೆ ತುತ್ತು ತಿನ್ನಿಸಿ ಎಸ್ಟೇಟಿಗೆ ಓಡುತ್ತಿದ್ದರು. ಆ ಕಾಲದಲ್ಲಿ ತಡವಾಗಿ ಹೋದವರಿಗೆ ಚೀಲ ತುಂಬುವುದಿಲ್ಲ, ಕೂಲಿಯೂ ಹುಟ್ಟುವುದಿಲ್ಲ. ಬಾಯಿ ಅದರ ಸುದ್ದಿಯನ್ನೇ ಎತ್ತಲಿಲ್ಲ.

ಕೈ ಕೂಡಿಕೊಂಡಿತು, ನೆಮ್ಮದಿ ಹೋಯಿತು. ಇದನ್ನು ಯಾವ ಬಟ್ಟಲಲ್ಲಿ ತುಂಬಿ ವಾಪಸು ಮಾಡುವುದು? ಶಿವಗಂಗಮ್ಮ ರೇಷ್ಮೆ ಸೀರೆ ಕಳಿಸಿದರು. ಬಾಯಿ ಅದನ್ನುಟ್ಟು ಚರ್ಚಿಗೆ ಹೋಗಿ, ಬರುತ್ತಾ ತೋರಿಸಿ, ನಕ್ಕು, ಮಾರನೇ ದಿನ ಒಂದು ಕಟ್ಟು ಕೆಸುವಿನ ಸೊಪ್ಪು ತಂದಿಟ್ಟು ಹೋದರು. ಅಕ್ಕಿ ಕಳಿಸಿದರೆ ಹಲಸಿನ ಹಪ್ಪಳ ಬಂತು. ಏನು ಕೊಟ್ಟರೂ ಆ ನಲವತ್ತು ದಿನ ಹಾಗೆಯೇ ಎದೆಯ ಮೇಲೆ ಕೂತಿತ್ತು.

ಹಾಗಾಗಿ ಈ ವರ್ಷ ಶಿವಗಂಗಮ್ಮ ಮೊದಲೇ ತಯಾರಾದರು. ದೊಡ್ಡದೊಂದು ಚೀಲದಲ್ಲಿ ಸೀರೆ, ತುಪ್ಪ, ಗೋಡಂಬಿ, ಸಾಲದ್ದಕ್ಕೆ ಹೊಸ ಕುಕ್ಕರು. ಚೀಟಿಯಲ್ಲಿ ಹೆಸರು ಬರೆದು ಅಂಟಿಸಿ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಂಡರು. ಕ್ರಿಸ್‌ಮಸ್ಸಿನ ಹಿಂದಿನ ದಿನ ಮಧ್ಯಾಹ್ನ ಬಾಯಿ ತಟ್ಟೆ ಹಿಡಿದು ಬಂದದ್ದೇ ತಡ, ಮುಚ್ಚಿದ ಬಟ್ಟೆ ತೆಗೆಯಲೂ ಬಿಡದೆ ಚೀಲವನ್ನು ಮುಂದಕ್ಕೆ ತಳ್ಳಿದರು.

"ನಿಮ್ದು ರೆಡಿ ಮಾಡಿಟ್ಟಿದೀನಿ ಬಾಯಿ, ತಗೊಂಡೋಗಿ. ಇಲ್ಲಿಗೆ ನಿಮ್ದೂ ನಮ್ದೂ ಸಮ ಆಯ್ತು."

ಕಾರ್ಮಿನ್ ಬಾಯಿ ಚೀಲವನ್ನು ನೋಡಿದರು. ತಮ್ಮ ತಟ್ಟೆಯನ್ನು ನೋಡಿದರು. "ನಾನು ವ್ಯಾಪಾರಕ್ಕೆ ಬಂದದ್ದಲ್ಲ ಗಂಗಮ್ಮೋರೆ" ಎಂದು ಮೆಲ್ಲಗೆ ಹೇಳಿ, ತಟ್ಟೆಯನ್ನು ಹಿಡಿದುಕೊಂಡೇ ಹೊರಟುಹೋದರು.

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಶಿವಗಂಗಮ್ಮನವರಿಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಸಂಜೆಯವರೆಗೂ ಪಾತ್ರೆಗಳು ಅವರ ಕೈಯಲ್ಲಿ ಅನುಭವಿಸಿದ್ದು ಅಷ್ಟಿಷ್ಟಲ್ಲ. ಎಷ್ಟು ಸೊಕ್ಕಿರಬೇಡ, ಕೊಟ್ಟಿದ್ದನ್ನು ಒದ್ದು ಹೋದರಲ್ಲ ಎಂದು ಬೈದದ್ದೇ ಬೈದದ್ದು. ಜಯದೇವಪ್ಪನವರು ತೂಕ ಮಾಡಿ ಮಾತಾಡುವ ಮನುಷ್ಯ. ಮಾರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ, ಸಿಟ್ಟಾಗಬೇಡ ಎಂದು ಮೊದಲೇ ಹೇಳಿಕೊಂಡು, ಬಾಯಿ ತಂದಿದ್ದರಲ್ಲಿ ಇವತ್ತಿನವರೆಗೆ ಒಂದು ಚೂರಾದರೂ ತಿಂದಿದ್ದೀಯಾ ಎಂದು ಕೇಳಿದರು.

ತಿಂದಿರಲಿಲ್ಲ. ಅದೇ ನಿಜ. ಮೊಟ್ಟೆ ಹಾಕಿರುತ್ತಾರೋ, ಮಾಂಸ ಮಾಡಿದ ಬಾಣಲೆಯಲ್ಲೇ ಕರಿದಿರುತ್ತಾರೋ ಎಂಬ ಅನುಮಾನ. ಇಪ್ಪತ್ತು ವರ್ಷವೂ ಆ ತಟ್ಟೆ ನೇರವಾಗಿ ಅಂಗಡಿಯ ಮೂಟೆ ಹೊರುವ ಚನ್ನಕೇಶವನ ಪಾಲಾಗಿತ್ತು.

"ಮಠದಲ್ಲಿ ದಾಸೋಹಕ್ಕೆ ಕೂತು ಉಣ್ತೀಯಲ್ಲ ಮಾರಾಯ್ತಿ" ಎಂದರು ಜಯದೇವಪ್ಪ, "ಎಲೆ ಎತ್ತೋಕೆ ಮೊದ್ಲು ಅಕ್ಕಿ ಅಳೆದು ಕೊಟ್ಟು ಬಂದಿದ್ದೀಯೇನು?"

ಆದರೆ ಶಿವಗಂಗಮ್ಮನವರಿಗೆ ಹೊಳೆದದ್ದು ಬೇರೆಯೇ ಒಂದು ಭಯ. ಬಾಯಿ ಇನ್ನು ಈ ಮೆಟ್ಟಿಲು ಹತ್ತದೇ ಹೋದರೆ? ಹೆತ್ತ ಮಗಳಿಗೂ ತೋರಿಸದ ನೋವನ್ನು ಆ ಹೆಂಗಸಿನ ಮುಂದೆ ಅತ್ತು ತೋರಿಸಿದ್ದರು. ಕೂದಲಿಗೆ ಎಣ್ಣೆ ಹಚ್ಚುವಾಗ ಆ ಒರಟು ಬೆರಳುಗಳು ಎಷ್ಟು ಹಗುರವಾಗಿದ್ದವು. ಬಾಯಿಯಿಲ್ಲದ ಗೋಣಿಬೀಡನ್ನು ನೆನೆಯಲೂ ಆಗಲಿಲ್ಲ. ಥಟ್ಟನೆ ಎದ್ದರು. ಅಭ್ಯಾಸಬಲ, ಕೈ ಆ ಚೀಲವನ್ನೇ ಎತ್ತಿಕೊಂಡಿತು. ಎರಡು ಮೆಟ್ಟಿಲು ಇಳಿದವರು ನಿಂತು, ಹಿಂದಿರುಗಿ ಬಂದು, ಚೀಲವನ್ನು ಅಲ್ಲೇ ಇಟ್ಟು ಹೊರಟರು.

ನಾಲ್ಕೇ ಮನೆಯ ದಾರಿ, ಮುಗಿಯುವುದೇ ಇಲ್ಲ. ಕೈಗಳನ್ನು ಏನು ಮಾಡುವುದೆಂದೇ ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡರು. ಎದುರಿಗೆ ಬಂದ ಅದೇ ಬೀದಿಯ ಕೃಷ್ಣಮ್ಮ ಬೇರೆ, ಏನಿದು ಬರಿಗೈಯಲ್ಲಿ ಹೊರಟಿರಿ ಎಂದು ಕೇಳಿಯೇಬಿಟ್ಟಳು.

ಬಾಯಿಯ ಮನೆಯವರು ಆಗಷ್ಟೇ ಚರ್ಚಿನಿಂದ ಬಂದಿದ್ದರು. ಜಗುಲಿಯಲ್ಲಿ ಕಾಗದದ ನಕ್ಷತ್ರ, ಒಳಗೆ ಮೂಲೆಯಲ್ಲಿ ಹುಲ್ಲು, ಪಾಚಿ ಹಾಸಿ ಮಾಡಿದ ಗೋದಲಿ, ಅದರ ನಡುವೆ ಬಾಲಯೇಸು. ಬಾಗಿಲಿಗೆ ಬಂದ ಕಾರ್ಮಿನ್ ಬಾಯಿ ಇವರ ಮುಖಕ್ಕಿಂತ ಮೊದಲು ಕೈ ನೋಡಿದರು.

"ನಾನು ಏನೂ ತಂದಿಲ್ಲ ಬಾಯಿ."

"ಕಾಣ್ತದೆ."

"ನಿನ್ನೆ ತಂದಿದ್ರಲ್ಲ, ಆ ತಟ್ಟೆ..." ಶಿವಗಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಅರವತ್ತು ವರ್ಷದಲ್ಲಿ ಯಾರನ್ನೂ ಏನನ್ನೂ ಕೇಳಿದವರಲ್ಲ. "ಇದ್ರೆ ಕೊಡಿ."

ಕಾರ್ಮಿನ್ ಬಾಯಿಯ ಮುಖ ಅರಳಿದ ಪರಿಯನ್ನು ನೋಡಬೇಕಿತ್ತು. ಕೈ ಹಿಡಿದು ಒಳಗೆಳೆದು ಕೂರಿಸಿದರು. ಲವಿಟಾ ಓಡಿಹೋಗಿ ತಟ್ಟೆ ತಂದಿಟ್ಟಳು. ಒಂದೂ ಕದಲಿರಲಿಲ್ಲ. ಶಿವಗಂಗಮ್ಮ ಒಂದು ನೆವ್ರಿ ಎತ್ತಿಕೊಂಡರು. ಹಳೆಯ ಅನುಮಾನ, ಕೈ ತುಟಿಯ ಹತ್ತಿರ ಹೋಗಿ ನಿಂತಿತು.

"ಅದಕ್ಕೆ ಮೊಟ್ಟೆ ಇಲ್ಲ ಅಜ್ಜಿ" ಎಂದಳು ಲವಿಟಾ. "ನಿಮ್ಮ ಬಾಣಲೆಯೇ ಬೇರೆ."

ಹುಡುಗಿ ತೋರಿಸಿದ ಕಡೆ, ಅಡುಗೆಮನೆಯ ಗೋಡೆಯ ಮೊಳೆಗೆ ಬಟ್ಟೆ ಸುತ್ತಿದ ಬಾಣಲೆಯೊಂದು ನೇತಾಡುತ್ತಿತ್ತು. ವರ್ಷಕ್ಕೆ ಒಂದೇ ಸಲ ಅದು ಕೆಳಗಿಳಿಯುತ್ತದಂತೆ. ಹಬ್ಬದ ಮಾಂಸ, ಮೊಟ್ಟೆ ಮನೆಯೊಳಗೆ ಬರುವ ಮೊದಲು ಒಲೆ ಸಾರಿಸಿ, ಅಂಗಡಿ ಅಜ್ಜಿಯ ಪಾಲನ್ನು ಅದರಲ್ಲಿ ಕರಿದು ತೆಗೆದಿಟ್ಟ ಮೇಲೆಯೇ ಮನೆಯವರಿಗೆ. ಮುಟ್ಟಲು ಹೋದ ತನಗೆ ಸೌಟಿನಲ್ಲಿ ಪೆಟ್ಟು ಬಿದ್ದದ್ದನ್ನೂ ಲವಿಟಾ ಹೇಳಿದಳು.

"ಒಂದು ಮಾತು ಹೇಳಬಾರದಿತ್ತಾ ಬಾಯಿ?"

"ಹೇಳಿದ್ರೆ ನೀವು ನಾಲ್ಕು ಬಾಣಲೆ ತಂದು ಕೊಡ್ತಿದ್ರಿ."

ಶಿವಗಂಗಮ್ಮನವರಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕಾರ್ಮಿನ್ ಬಾಯಿ ಗೋದಲಿಯ ಕಡೆ ತಿರುಗಿ, ತಮ್ಮಷ್ಟಕ್ಕೇ ಹೇಳಿಕೊಳ್ಳುವವರಂತೆ ಹೇಳಿದರು: "ಅಲ್ಲಿ ಮಲಗಿದೆಯಲ್ಲ ಮಗು, ದೇವ್ರು ನಮ್ಗೆ ತನ್ನನ್ನೇ ಕೊಟ್ಕೊಂಡದ್ದು ಅದು. ಅದಕ್ಕೆ ನಾವು ಏನು ವಾಪಸ್ ಕೊಡೋದು ಗಂಗಮ್ಮೋರೆ? ತಗೊಂಡು ಸಂತೋಷಪಡೋದು, ಆ ಸಂತೋಷಕ್ಕೇ ಇನ್ನೊಬ್ರಿಗೆ ಕೊಡೋದು. ನಿಮ್ಮ ತಲೆ ಬಾಚೋವಾಗ ನಂಗೆ ಸಂತೋಷ ಇತ್ತು. ಅದನ್ನ ನೀವು ಚೀಲ ಚೀಲ ತುಂಬಿ ವಾಪಸ್ ಮಾಡ್ತಾನೇ ಇದ್ರಿ."

ಇನ್ನು ಮುಚ್ಚಿಡುವುದು ಶಿವಗಂಗಮ್ಮನವರಿಂದ ಆಗಲಿಲ್ಲ. ತಲೆ ತಗ್ಗಿಸಿದರು. "ಇಷ್ಟು ವರ್ಷ ನಾನು ಇದರಲ್ಲಿ ಒಂದನ್ನೂ ತಿಂದಿಲ್ಲ ಬಾಯಿ."

"ಗೊತ್ತು" ಎಂದರು ಕಾರ್ಮಿನ್ ಬಾಯಿ. "ಪ್ರತಿ ವರ್ಷ ಚನ್ನಕೇಶವ ಸಿಕ್ಕಿ, ನೆವ್ರಿ ಬಹಳ ಚೆನ್ನಾಗಿತ್ತು ಅಂತ ಹೇಳ್ತಾನಲ್ಲ."

ಗೊತ್ತಿತ್ತು. ಗೊತ್ತಿದ್ದೂ ವರ್ಷ ವರ್ಷವೂ ಒಲೆ ಸಾರಿಸಿ, ಆ ಬಾಣಲೆ ಇಳಿಸಿ, ತಿನ್ನದವರಿಗೆಂದೇ ಮೊದಲ ಪಾಲು ಕರಿದಿದ್ದರು. ಶಿವಗಂಗಮ್ಮನವರ ಎದೆಯ ಮೇಲೆ ಕೂತಿದ್ದ ಭಾರ ಅದೆಲ್ಲಿ ಹೋಯಿತೋ. ಮೈ ಹಗುರಾಯಿತು. ನೆವ್ರಿಯನ್ನು ಬಾಯಿಗೆ ಹಾಕಿಕೊಂಡರು. ಹುರಿದ ಎಳ್ಳು, ಕಾಯಿತುರಿ, ಏಲಕ್ಕಿ. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ತಿಂದರು. ಒಂದು ಮುಗಿಯಿತು, ಎರಡು ಮುಗಿಯಿತು. ಲವಿಟಾ ಕಣ್ಣರಳಿಸಿ ನೋಡುತ್ತಿದ್ದಳು. ತಟ್ಟೆ ಎದುರಿಗೇ ಇತ್ತು, ಆದರೂ ಶಿವಗಂಗಮ್ಮ ತಾವಾಗಿ ಎತ್ತಿಕೊಳ್ಳಲಿಲ್ಲ. ಕಾರ್ಮಿನ್ ಬಾಯಿಯ ಮುಂದೆ ಕೈ ಚಾಚಿದರು.

"ಇನ್ನೊಂದು ಕೊಡಿ ಬಾಯಿ."